ಮೂಗಿಗಿಂತ ಮೂಗುತಿ ಭಾರವೆ? ಗಣಕಯಂತ್ರಕ್ಕೆ ಹೊರಗಿನಿಂದ ಬಲ ತಂದ ಇತಿಹಾಸ

ಚೆಂಬೂರಿನ ಕನ್ನಡಿಗರ ಮನೆಗಳಲ್ಲಿ ಈಗ ಒಂದು ಹೊಸ ಚರ್ಚೆ ಕೇಳಿಬರುತ್ತಿದೆ. 2020ರ ಲಾಕ್‌ಡೌನಿನಲ್ಲಿ ಶಾಲೆ ಕಾಲೇಜುಗಳೆಲ್ಲ ಮನೆಯೊಳಗೇ ನಡೆಯತೊಡಗಿದಾಗ, ಘಾಟ್ಲಾದಿಂದ ತಿಲಕನಗರದವರೆಗೆ ಅನೇಕ ತಂದೆತಾಯಿಗಳು ಸಾಲವೋ ಕಂತೋ ಮಾಡಿ ಮಕ್ಕಳಿಗೆ ಲ್ಯಾಪ್‌ಟಾಪು ತೆಗೆದುಕೊಟ್ಟರು. ಆ ಮಕ್ಕಳು ಇಂದು ದೊಡ್ಡವರಾಗಿದ್ದಾರೆ. ಒಬ್ಬನು ಆನಿಮೇಶನ್ ಕಲಿಯುತ್ತಾನೆ, ಇನ್ನೊಬ್ಬಳು ಕಟ್ಟಡಗಳ ನಕ್ಷೆ ಬರೆಯುತ್ತಾಳೆ, ಮತ್ತೊಬ್ಬನಿಗೆ ಕೃತಕ ಬುದ್ಧಿಮತ್ತೆಯ ಲೆಕ್ಕಗಳು ಬೇಕು. ಮೂವರ ದೂರೂ ಒಂದೇ: ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಶಕ್ತಿ ಸಾಲುತ್ತಿಲ್ಲ. ಮೇಜಿನ ಮೇಲಿಡುವ ಕಂಪ್ಯೂಟರಾದರೆ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ಹೊಸದನ್ನು ಸಿಕ್ಕಿಸಬಹುದು. ಲ್ಯಾಪ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ಮುಖ್ಯ ಫಲಕಕ್ಕೇ ಬೆಸುಗೆಯಾಗಿರುತ್ತದೆ ಅಥವಾ ಪ್ರೊಸೆಸರಿನ ಒಳಗೇ ಅಡಗಿರುತ್ತದೆ. ಆಗ ಯಾರಾದರೊಬ್ಬರು ಹೇಳುತ್ತಾರೆ: “ಹೊರಗಿನಿಂದ ಒಂದು ಪೆಟ್ಟಿಗೆ ಜೋಡಿಸಿದರೆ ಆಯಿತಲ್ಲ, ಅದರೊಳಗೆ ದೊಡ್ಡ ಕಾರ್ಡು ಹಾಕಬಹುದಂತೆ.”

ಇದು ಸಾಧ್ಯವೆ? ಸಾಧ್ಯವಾದರೂ ನಮ್ಮಂಥ ಸಂಬಳದ ಮನೆಗಳಿಗೆ ಯೋಗ್ಯವೆ? ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಆದರೆ ಗಣಕಯಂತ್ರಕ್ಕೆ ಹೊರಗಿನಿಂದ ಬಲ ತುಂಬುವ ಪ್ರಯತ್ನ ಇಂದು ನಿನ್ನೆಯದಲ್ಲ. ಅದಕ್ಕೆ ಅರವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಕೆಲವು ಪುಟಗಳು ನಮ್ಮ ಮುಂಬಯಿಯಲ್ಲಿ, ನಮ್ಮ ನೆರೆಯ ಟ್ರಾಂಬೆಯಲ್ಲಿ ಬರೆಯಲ್ಪಟ್ಟವು. ಒಂದು ಪುಟವಂತೂ ನಮ್ಮ ಕನ್ನಡ ಲಿಪಿಗೇ ಸೇರಿದ್ದು. ಅದನ್ನು ಒಮ್ಮೆ ತಿರುವಿ ನೋಡಿದರೆ ಉತ್ತರ ತಾನಾಗಿ ಹೊಳೆದೀತೆಂದು ನಮಗೆ ತೋರುತ್ತದೆ.

ಕೊಲಾಬಾ ಮತ್ತು ಟ್ರಾಂಬೆ

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತಂಡವು ಒಂದು ಗಣಕಯಂತ್ರವನ್ನು ನಿರ್ಮಿಸಿತು. ಅದು 1960ರಲ್ಲಿ ಕೆಲಸಕ್ಕೆ ಸಿದ್ಧವಾಯಿತು. 1962ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದರ ಸ್ಮೃತಿಕೋಶದಲ್ಲಿದ್ದುದು ತಲಾ 40 ಬಿಟ್ಟಿನ 2048 ಪದಗಳು ಮಾತ್ರ. ಇಂದಿನ ಒಂದು ಸಣ್ಣ ಫೋಟೋ ಕೂಡ ಅದರಲ್ಲಿ ಹಿಡಿಸದು. ಆದರೂ ಅದರ ನಿರ್ಮಾಪಕರು ಯಂತ್ರಕ್ಕೆ ಒಂದು ಕ್ಯಾಥೋಡ್ ಕಿರಣ ನಳಿಕೆಯ ತೆರೆಯನ್ನು ಪೂರಕವಾಗಿ ಜೋಡಿಸಿದ್ದರು. ಯಂತ್ರ ಮಾಡಿದ ಲೆಕ್ಕದ ಫಲವನ್ನು ಆ ತೆರೆಯ ಮೇಲೆ ಅಕ್ಷರ, ಅಂಕಿ ಮತ್ತು ರೇಖಾಚಿತ್ರಗಳ ರೂಪದಲ್ಲಿ ಕಾಣಬಹುದಾಗಿತ್ತು. ಲೆಕ್ಕ ಮಾಡುವುದು ಒಂದು ಕೆಲಸ, ಅದನ್ನು ಕಣ್ಣಿಗೆ ಕಾಣಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಪ್ರತ್ಯೇಕ ಸಲಕರಣೆ ಬೇಕು ಎಂಬ ತಿಳಿವಳಿಕೆ ನಮ್ಮ ನಗರದಲ್ಲಿ ಅಷ್ಟು ಹಳೆಯದು.

1964ರಲ್ಲಿ ಅದೇ ಸಂಸ್ಥೆಗೆ ಅಮೆರಿಕದ ಕಂಟ್ರೋಲ್ ಡೇಟಾ ಕಂಪನಿಯ 3600 ಎಂಬ ದೊಡ್ಡ ಗಣಕಯಂತ್ರ ಬಂದಿತು. ದೇಶದ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳು ತಮ್ಮ ಲೆಕ್ಕಗಳನ್ನು ಅದರ ಮೇಲೆ ಮಾಡಿಸಿಕೊಳ್ಳುತ್ತಿದ್ದರು. ಯಂತ್ರವನ್ನು ತಮ್ಮಲ್ಲಿಗೆ ತರಲಾಗದು. ಆದುದರಿಂದ ತಮ್ಮ ಪ್ರಶ್ನೆಯನ್ನು ಯಂತ್ರದ ಬಳಿಗೆ ಕಳಿಸುವುದು, ಉತ್ತರವನ್ನು ಮಾತ್ರ ಹಿಂದಕ್ಕೆ ತರುವುದು. ಈ ಪದ್ಧತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇತ್ತ ಚೆಂಬೂರಿನ ಆಚೆ, ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆಗೆ 1967ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂಬ ಹೆಸರು ಬಂದಿತು. ಅಲ್ಲಿನ ಇಲೆಕ್ಟ್ರಾನಿಕ್ಸ್ ತಜ್ಞರ ಶ್ರಮದ ಫಲವಾಗಿ 1969ರ ಸುಮಾರಿಗೆ ಟಿ.ಡಿ.ಸಿ.-12 ಎಂಬ ಗಣಕಯಂತ್ರ ರೂಪುಗೊಂಡಿತು. ಟಿ.ಡಿ.ಸಿ. ಎಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯು ಇದನ್ನೂ ಇದರ ತರುವಾಯದ ಮಾದರಿಗಳನ್ನೂ ತಯಾರಿಸಿತು. ಹೆಸರಿನಲ್ಲಿರುವ 12 ಎಂಬ ಅಂಕಿ ಆ ಯಂತ್ರ ಒಂದು ಸಲಕ್ಕೆ ನಿರ್ವಹಿಸುತ್ತಿದ್ದ ಬಿಟ್ಟುಗಳ ಸಂಖ್ಯೆ. ಬಸ್ಸಿನಲ್ಲಿ ಎಷ್ಟು ಆಸನಗಳಿವೆ ಎನ್ನುವ ಹಾಗೆ, ಗಣಕಯಂತ್ರದೊಳಗೆ ಒಂದು ಸಲಕ್ಕೆ ಎಷ್ಟು ಬಿಟ್ಟುಗಳು ಸಾಗುತ್ತವೆ ಎಂಬುದು ಮುಖ್ಯ. ಯಂತ್ರಕ್ಕೂ ಅದರ ಹೊರಗಿನ ಸಲಕರಣೆಗೂ ನಡುವಣ ದಾರಿಯ ಅಗಲವೇ ನಮ್ಮ ಇಡೀ ಪ್ರಶ್ನೆಯ ತಿರುಳು ಎಂಬುದನ್ನು ಮುಂದೆ ಕಾಣುವೆವು.

ಅಕ್ಷರಗಳಿಗಾಗಿ ಹುಟ್ಟಿದ ಕಾರ್ಡುಗಳು

1981ರ ಆಗಸ್ಟ್ ತಿಂಗಳಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಮಾರುಕಟ್ಟೆಗೆ ಬಂದಿತು. ಅದರ ಪ್ರೊಸೆಸರು 8088. ಒಳಗೆ 16 ಬಿಟ್ಟಿನ ಲೆಕ್ಕ ಮಾಡಬಲ್ಲದಾದರೂ ಹೊರಬಾಗಿಲಿನಲ್ಲಿ ಒಂದು ಸಲಕ್ಕೆ 8 ಬಿಟ್ಟುಗಳಷ್ಟೇ ಹೋಗಿಬರುತ್ತಿದ್ದವು. ಈ ಯಂತ್ರದಲ್ಲಿ ಬೇರೆ ಬೇರೆ ಕಾರ್ಡುಗಳನ್ನು ಸಿಕ್ಕಿಸಲು 5 ಸ್ಲಾಟುಗಳಿದ್ದವು. ತೆರೆಯ ಮೇಲೆ ಅಕ್ಷರ ಮೂಡಿಸುವ ಕೆಲಸಕ್ಕೂ ಒಂದು ಕಾರ್ಡು. ಅದರ ಕಪ್ಪು-ಹಸಿರು ತೆರೆಯ ಮೇಲೆ 25 ಸಾಲುಗಳು, ಸಾಲಿಗೆ 80 ಅಕ್ಷರಗಳು, ಒಟ್ಟು 2000 ಅಕ್ಷರಗಳು. ಒಂದೊಂದಕ್ಕೆ 2 ಬೈಟಿನಂತೆ 4000 ಬೈಟು ಸ್ಮೃತಿ ಇದ್ದರೆ ಇಡೀ ತೆರೆ ತುಂಬುತ್ತಿತ್ತು. ಆದರೆ ಅಕ್ಷರಗಳ ಆಕಾರ ಕಾರ್ಡಿನೊಳಗಿನ ಚಿಪ್ಪಿನಲ್ಲಿ ಖಾಯಂ ಆಗಿ ಕೂತಿತ್ತು. ಇಂಗ್ಲಿಷು ಮತ್ತು ಕೆಲವು ಚಿಹ್ನೆಗಳು ಸೇರಿ 256 ಆಕಾರಗಳು, ಅಷ್ಟೇ. ಕನ್ನಡದ “ಕ” ಬೇಕೆಂದರೂ ಅಲ್ಲಿ ಇರಲಿಲ್ಲ, ಬರೆಯುವ ಉಪಾಯವೂ ಇರಲಿಲ್ಲ.

ಈ ತೊಡಕು ನಮ್ಮದೊಂದೇ ಆಗಿರಲಿಲ್ಲ. ವಾನ್ ಸುವನ್ನುಕುಲ್ ಎಂಬ ಥಾಯ್ ಮೂಲದ ವ್ಯಕ್ತಿ ತನ್ನ ಡಾಕ್ಟರೇಟ್ ಪ್ರಬಂಧದ ಕೆಲಸವನ್ನು ಥಾಯ್ ಲಿಪಿಯಲ್ಲಿ ಮಾಡಬೇಕೆಂದು ಹೊರಟರು. ಪಿ.ಸಿ.ಯಲ್ಲಿ ಅದು ಸಾಧ್ಯವಾಗದೆ ಹೋದಾಗ ತಾವೇ ಒಂದು ಕಾರ್ಡನ್ನು ರಚಿಸಿದರು. ಅದೇ 1982ರ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು. ತೆರೆಯನ್ನು ಅಡ್ಡಕ್ಕೆ 720, ಉದ್ದಕ್ಕೆ 348 ಬಿಂದುಗಳಾಗಿ ಒಡೆದು, ಯಾವ ಬಿಂದುವನ್ನು ಬೇಕಾದರೂ ಬೆಳಗಿಸುವ ಅವಕಾಶವನ್ನು ಅದು ಒದಗಿಸಿತು. ಬಿಂದುಗಳು ಕೈಗೆ ಬಂದ ಮೇಲೆ ಯಾವ ಲಿಪಿಯೂ ಆದೀತು, ಯಾವ ಚಿತ್ರವೂ ಆದೀತು. ಥಾಯ್ ಲಿಪಿಯು ದಕ್ಷಿಣದ ಬ್ರಾಹ್ಮಿಯಿಂದ ಇಳಿದು ಬಂದದ್ದು, ಅಂದರೆ ನಮ್ಮ ಕನ್ನಡ ಲಿಪಿಗೆ ದೂರದ ಬಂಧು. ಜಗತ್ತಿನಾದ್ಯಂತ ಹೆಸರು ಮಾಡಿದ ಒಂದು ಗ್ರಾಫಿಕ್ಸ್ ಕಾರ್ಡು ಆಟಕ್ಕಾಗಲಿ ಸಿನಿಮಾಕ್ಕಾಗಲಿ ಅಲ್ಲ, ತನ್ನ ಭಾಷೆಯಲ್ಲಿ ಬರೆಯಬೇಕೆಂಬ ಒಬ್ಬನ ಹಂಬಲದಿಂದ ಹುಟ್ಟಿತೆಂಬುದು ಕನ್ನಡ ಸಂಘದ ಸದಸ್ಯರಾದ ನಮಗೆ ವಿಶೇಷ ಸಂತೋಷದ ವಿಷಯ.

ನಮ್ಮ ದೇಶದಲ್ಲಿ ಇದೇ ಹಂಬಲಕ್ಕೆ ದೊರೆತ ಉತ್ತರವೇ ಜಿಸ್ಟ್ ಕಾರ್ಡು. ಕಾನ್ಪುರದ ಐ.ಐ.ಟಿ.ಯಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ಎಂಬತ್ತರ ದಶಕದಲ್ಲಿ ಆರಂಭಿಸಿದ ಕೆಲಸ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದು ಫಲ ಕೊಟ್ಟಿತು. ಪಿ.ಸಿ.ಯ ಒಂದು ಸ್ಲಾಟಿನಲ್ಲಿ ಈ ಕಾರ್ಡನ್ನು ಸಿಕ್ಕಿಸಿದರೆ ಸಾಕು. ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿಯೇ ದೇವನಾಗರಿ, ಕನ್ನಡ, ತಮಿಳು, ತೆಲುಗು ಲಿಪಿಗಳು ಮೂಡುತ್ತಿದ್ದವು. ಪತ್ರವ್ಯವಹಾರ ಹಿಂದಿಯಲ್ಲಿಯೂ ನಡೆಯಬೇಕಾದ ಕೇಂದ್ರ ಸರಕಾರದ ಕಚೇರಿಗಳಲ್ಲಿ ಇಂಥ ಕಾರ್ಡುಗಳಿಗೆ ಎಷ್ಟು ಬೆಲೆಯಿದ್ದಿತೆಂಬುದನ್ನು ನಾವು ಹಿರಿಯ ಸಹೋದ್ಯೋಗಿಗಳಿಂದ ಕೇಳಿ ಬಲ್ಲೆವು.

ಜಿಸ್ಟ್ ಕಾರ್ಡಿನ ಜಾಣತನ ಎಲ್ಲಿತ್ತು? “ರಾಷ್ಟ್ರ” ಎಂಬ ಪದವನ್ನು ತೆಗೆದುಕೊಳ್ಳೋಣ. ಭಾರತೀಯ ಲಿಪಿಗಳಿಗಾಗಿ ಮಾಡಿದ, 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಈ ಪದಕ್ಕೆ ರ, ಆಕಾರದ ಚಿಹ್ನೆ, ಷ, ಹಲಂತ, ಟ, ಹಲಂತ, ರ ಎಂದು 7 ಸಂಕೇತಗಳು, ಅಂದರೆ 7 ಬೈಟುಗಳು. ಮುಖ್ಯ ಯಂತ್ರ ಕಾರ್ಡಿಗೆ ಕಳಿಸಬೇಕಾದದ್ದು ಅಷ್ಟೇ. ಎಲ್ಲಿ ಒತ್ತಕ್ಷರ ಬರಬೇಕು, ಅದು ಎಷ್ಟು ಕೆಳಗೆ ಇಳಿಯಬೇಕು, ಯಾವ ಬಿಂದುಗಳು ಬೆಳಗಬೇಕು ಎಂಬ ತಲೆನೋವಿನ ಕೆಲಸವೆಲ್ಲ ಕಾರ್ಡಿನ ಪಾಲಿಗೆ. ಪಿ.ಸಿ.ಯ ದಾರಿ ಇಕ್ಕಟ್ಟಾದುದಾದರೂ ತೊಂದರೆಯಾಗಲಿಲ್ಲ, ಏಕೆಂದರೆ ಆ ದಾರಿಯಲ್ಲಿ ಸಾಗುತ್ತಿದ್ದುದು ಚಿತ್ರವಲ್ಲ, ಚಿತ್ರ ಬರೆಯಬೇಕೆಂಬ ಆಜ್ಞೆ.

ಇದೇ ತಂತ್ರದ ಜಿಸ್ಟ್ ಟರ್ಮಿನಲ್ಲುಗಳೂ ಬಂದವು. ಇವು ಮುಖ್ಯ ಗಣಕಯಂತ್ರದಿಂದ ದೂರದಲ್ಲಿ ಕೂತು ಒಂದು ತಂತಿಯ ಮೂಲಕ ಮಾತನಾಡುವ ಪ್ರತ್ಯೇಕ ಪೆಟ್ಟಿಗೆಗಳು. ಇಂದಿನ ಹೊರಗಿನ ಗ್ರಾಫಿಕ್ಸ್ ಪೆಟ್ಟಿಗೆಗೆ ಅಜ್ಜನೆಂದರೂ ತಪ್ಪಾಗದು. ಇಂಥ ತಂತಿಯ ಸಾಮಾನ್ಯ ವೇಗ ಸೆಕೆಂಡಿಗೆ 9600 ಬಿಟ್ಟು, ಎಂದರೆ ಸುಮಾರು 960 ಸಂಕೇತಗಳು. 2000 ಸಂಕೇತಗಳ ಒಂದು ಪುಟ ಎರಡು ಸೆಕೆಂಡುಗಳಲ್ಲಿ ತೆರೆಯನ್ನು ತುಂಬುತ್ತದೆ. ಅದೇ ಪುಟವನ್ನು ಚಿತ್ರವಾಗಿ, ಬಿಂದು ಬಿಂದುವಾಗಿ ಕಳಿಸಿದ್ದರೆ? ಹರ್ಕ್ಯುಲಿಸ್ ತೆರೆಯ ಲೆಕ್ಕ ಹಿಡಿದರೆ 720ನ್ನು 348ರಿಂದ ಗುಣಿಸಿದಾಗ 2,50,560 ಬಿಂದುಗಳು, 31,320 ಬೈಟುಗಳು. ಅದೇ ತಂತಿಯಲ್ಲಿ ಇವು ಬರಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ತಂತಿ ಅದೇ, ಪುಟ ಅದೇ. ಏನನ್ನು ಕಳಿಸುತ್ತೇವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಈ ಲೆಕ್ಕದಲ್ಲಿ ಅಡಗಿರುವ ತತ್ವವನ್ನು ಹೀಗೆ ಹೇಳಬಹುದು. ಹೊರಗಿನ ಸಲಕರಣೆಗೆ ಸಣ್ಣ ಆಜ್ಞೆ ಹೋಗಿ ದೊಡ್ಡ ಕೆಲಸ ಅಲ್ಲಿಯೇ ನಡೆಯುವುದಾದರೆ ಅದು ಲಾಭದಾಯಕ. ಕೆಲಸದ ಸಾಮಗ್ರಿಯೆಲ್ಲ ಪ್ರತಿ ಕ್ಷಣವೂ ಅತ್ತಿತ್ತ ಓಡಾಡಬೇಕಾದರೆ ಸಲಕರಣೆ ಎಷ್ಟೇ ಬಲಶಾಲಿಯಾಗಿದ್ದರೂ ನಷ್ಟ. ಮಾಳಿಗೆಯ ಮೇಲೆ ಎಷ್ಟು ದೊಡ್ಡ ಟಾಂಕಿ ಇದ್ದರೇನು, ಕೆಳಗಿಳಿಯುವ ನಳಿಕೆ ಅರ್ಧ ಇಂಚಿನದಾದರೆ ಕೊಡ ತುಂಬುವುದು ಆ ನಳಿಕೆಯ ವೇಗದಲ್ಲಿಯೇ.

ಹೊರಗಿನವರು ಒಳಗಾದ ಕಥೆ

ಇತಿಹಾಸ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ಹೊರಗಿನಿಂದ ಬಂದ ಸಲಕರಣೆ ಬಹಳ ಕಾಲ ಹೊರಗೆ ಉಳಿಯುವುದಿಲ್ಲ.

ಇಂಟೆಲ್ ಕಂಪನಿಯು 1980ರಲ್ಲಿ 8087 ಎಂಬ ಗಣಿತದ ಚಿಪ್ಪನ್ನು ಹೊರತಂದಿತು. ದಶಮಾಂಶದ ಲೆಕ್ಕಗಳನ್ನು ಮುಖ್ಯ ಪ್ರೊಸೆಸರಿಗಿಂತ ಬಹು ವೇಗವಾಗಿ ಮಾಡುವುದಷ್ಟೇ ಅದರ ಕೆಲಸ. ಐ.ಬಿ.ಎಂ. ಪಿ.ಸಿ.ಯಲ್ಲಿ ಇದಕ್ಕಾಗಿ ಒಂದು ಖಾಲಿ ಜಾಗವನ್ನೇ ಬಿಟ್ಟಿದ್ದರು. ಬೇಕಾದವರು ಬೇರೆ ಹಣ ಕೊಟ್ಟು ಕೂರಿಸಿಕೊಳ್ಳಬೇಕಿತ್ತು. 1989ರಲ್ಲಿ 80486 ಪ್ರೊಸೆಸರು ಬಂದಾಗ ಈ ಗಣಿತದ ಭಾಗ ಅದರ ಒಳಗೇ ಸೇರಿಹೋಯಿತು.

1996ರಲ್ಲಿ ತ್ರೀಡಿಎಫ್ಎಕ್ಸ್ ಎಂಬ ಕಂಪನಿಯ ವೂಡೂ ಕಾರ್ಡು ಮೂರು ಆಯಾಮದ ಚಿತ್ರಗಳಿಗಾಗಿಯೇ ಬಂದಿತು. ಸಾಮಾನ್ಯ ಕೆಲಸಕ್ಕೆ ಹಳೆಯ ಕಾರ್ಡು ಇದ್ದೇ ಇರಬೇಕು. ಅದರಿಂದ ಒಂದು ಕೇಬಲ್ಲು ವೂಡೂ ಕಾರ್ಡಿಗೆ, ಅಲ್ಲಿಂದ ಇನ್ನೊಂದು ತೆರೆಗೆ. ಕೆಲವೇ ವರ್ಷಗಳಲ್ಲಿ ಎರಡೂ ಕೆಲಸಗಳನ್ನು ಒಂದೇ ಕಾರ್ಡು ಮಾಡತೊಡಗಿತು. 2000ದ ಕೊನೆಯಲ್ಲಿ ಆ ಕಂಪನಿಯ ಸ್ವತ್ತು ಎನ್‌ವಿಡಿಯಾದ ಪಾಲಾಯಿತು. 2011ರ ಹೊತ್ತಿಗೆ ಸಾಮಾನ್ಯ ಗ್ರಾಫಿಕ್ಸ್ ಕೂಡ ಇಂಟೆಲ್ ಪ್ರೊಸೆಸರಿನ ಅದೇ ಚಿಪ್ಪಿನೊಳಗೆ ಬಂದು ಕೂತಿತು.

ನಮ್ಮ ಜಿಸ್ಟ್ ಕಾರ್ಡಿನ ಗತಿಯೂ ಇದೇ. ಇಸ್ಕಿಯ ವ್ಯವಸ್ಥೆಯನ್ನು ಅನುಸರಿಸಿ 1991ರ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಸೇರಿಕೊಂಡೇ ಬಂದಿತು. ಕರ್ನಾಟಕ ಸರಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು “ನುಡಿ” ತಂತ್ರಾಂಶವನ್ನು ಸಿದ್ಧಪಡಿಸಿತು. ಒಮ್ಮೆ ಪ್ರತ್ಯೇಕ ಕಾರ್ಡು ಮಾಡಬೇಕಾಗಿದ್ದ ಒತ್ತಕ್ಷರದ ಕೆಲಸವನ್ನು ಇಂದು ಜೇಬಿನ ಮೊಬೈಲು ಸದ್ದಿಲ್ಲದೆ ಮಾಡುತ್ತದೆ. ಆದರೆ ಆ ಕಾರ್ಡಿನ ಕಾಲದಲ್ಲಿ ಭಾರತೀಯ ಲಿಪಿಗಳಿಗೆ ಒಂದು ಸಾಮಾನ್ಯ ಸಂಕೇತ ಸಿದ್ಧವಾಗದೆ ಇದ್ದಿದ್ದರೆ, ಯುನಿಕೋಡಿನಲ್ಲಿ ನಮ್ಮ ಅಕ್ಷರಗಳಿಗೆ ಅಷ್ಟು ವ್ಯವಸ್ಥಿತವಾದ ಎಡೆ ಅಷ್ಟು ಬೇಗ ದೊರೆಯುತ್ತಿತ್ತೆಂದು ಹೇಳಲಾಗದು. ಹೊರಗಿನ ಸಲಕರಣೆ ತಾತ್ಕಾಲಿಕವಾದರೂ ಅದರಿಂದ ಆದ ಪ್ರಯೋಜನ ಶಾಶ್ವತವಾಗಬಲ್ಲದು.

ಟ್ರಾಂಬೆಯ ಕಡೆಗೆ ಮತ್ತೊಮ್ಮೆ ತಿರುಗೋಣ. 1991ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು “ಅನುಪಮ್” ಎಂಬ ಸಮಾಂತರ ಗಣಕಯಂತ್ರವನ್ನು ರಚಿಸಿತು. ಒಂದೇ ದೊಡ್ಡ ಪ್ರೊಸೆಸರಿನ ಬದಲು ಇಂಟೆಲ್ ಕಂಪನಿಯ ಐ860 ಎಂಬ ಪ್ರೊಸೆಸರುಗಳನ್ನು ಒಟ್ಟಿಗೆ ಜೋಡಿಸಿ ಲೆಕ್ಕವನ್ನು ಹಂಚಿಕೊಡುವ ವಿಧಾನ ಅದರದು. ಕುತೂಹಲದ ಸಂಗತಿಯೆಂದರೆ ಇದೇ ಐ860 ಪ್ರೊಸೆಸರನ್ನು ಅಮೆರಿಕದ ನೆಕ್ಸ್ಟ್ ಕಂಪನಿಯು ತನ್ನ ಬಣ್ಣದ ಗ್ರಾಫಿಕ್ಸ್ ಫಲಕದಲ್ಲಿ ಬಳಸಿತ್ತು. ರಿಯಾಕ್ಟರಿನ ಲೆಕ್ಕಕ್ಕೂ ಚಿತ್ರದ ಲೆಕ್ಕಕ್ಕೂ ಏನು ಸಂಬಂಧವೆಂದು ಕೇಳಬಹುದು. ಎರಡರಲ್ಲಿಯೂ ಒಂದೇ ಬಗೆಯ ಗುಣಾಕಾರ, ಸಂಕಲನಗಳು ಲಕ್ಷೋಪಲಕ್ಷ ಸಂಖ್ಯೆಗಳ ಮೇಲೆ ಏಕಕಾಲಕ್ಕೆ ನಡೆಯಬೇಕು. 2007ರಲ್ಲಿ ಎನ್‌ವಿಡಿಯಾ ಕಂಪನಿ ಕೂಡಾ ಎಂಬ ವ್ಯವಸ್ಥೆಯನ್ನು ಬಿಡುಗಡೆ ಮಾಡಿ ಗ್ರಾಫಿಕ್ಸ್ ಕಾರ್ಡಿನಿಂದ ವೈಜ್ಞಾನಿಕ ಲೆಕ್ಕವನ್ನೂ ಮಾಡಿಸುವ ದಾರಿ ತೆರೆಯಿತು. ಕೃತಕ ಬುದ್ಧಿಮತ್ತೆ ಕಲಿಯುವ ನಮ್ಮ ಹುಡುಗರಿಗೆ ಗ್ರಾಫಿಕ್ಸ್ ಕಾರ್ಡು ಬೇಕಾಗಿರುವುದು ಈ ಕಾರಣದಿಂದ. ಸಮಾಂತರ ಯಂತ್ರಗಳ ಮೊದಲ ಪಾಠವೂ ನಾವು ಮೇಲೆ ಕಂಡುದೇ: ಪ್ರೊಸೆಸರುಗಳು ತಂತಮ್ಮ ಪಾಲಿನ ಕೆಲಸದಲ್ಲಿ ಮಗ್ನವಾಗಿದ್ದರೆ ವೇಗ ಹೆಚ್ಚುತ್ತದೆ, ಒಂದರೊಡನೊಂದು ಮಾತಿಗೆ ನಿಂತರೆ ವೇಗ ಕುಗ್ಗುತ್ತದೆ.

ಲ್ಯಾಪ್‌ಟಾಪಿನ ಇಕ್ಕಟ್ಟು ಬಾಗಿಲು

ಈಗ ಲ್ಯಾಪ್‌ಟಾಪಿಗೆ ಬರೋಣ. ಒಯ್ಯಬಹುದಾದ ಯಂತ್ರದಲ್ಲಿ ದೊಡ್ಡ ಸ್ಲಾಟುಗಳಿಗೆ ಎಡೆಯಿಲ್ಲ. 1990ರಿಂದ ಪಿ.ಸಿ.ಎಂ.ಸಿ.ಐ.ಎ. ಎಂಬ ಮಾನಕದಂತೆ ಬ್ಯಾಂಕಿನ ಕಾರ್ಡಿನಷ್ಟು ಚಿಕ್ಕ ಕಾರ್ಡುಗಳನ್ನು ಪಕ್ಕದಿಂದ ತೂರಿಸುವ ಸೌಕರ್ಯ ಬಂದಿತು. 2003ರಲ್ಲಿ ಅದರ ಮುಂದಿನ ರೂಪವಾದ ಎಕ್ಸ್‌ಪ್ರೆಸ್‌ಕಾರ್ಡ್ ಬಂದಿತು. ಅದೇ ವರ್ಷದ ಸುಮಾರಿಗೆ ಮೇಜಿನ ಕಂಪ್ಯೂಟರುಗಳಿಗೆ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಹೊಸ ದಾರಿ ಸಿದ್ಧವಾಯಿತು. ಇದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ 16 ಓಣಿಗಳು. ಎಕ್ಸ್‌ಪ್ರೆಸ್‌ಕಾರ್ಡಿನಲ್ಲಿ ಅಂಥದೇ ಒಂದು ಓಣಿ ಮಾತ್ರ. ಮೊದಲ ತಲೆಮಾರಿನಲ್ಲಿ ಒಂದು ಓಣಿಯ ಸಾಮರ್ಥ್ಯ ಒಂದು ದಿಕ್ಕಿಗೆ ಸೆಕೆಂಡಿಗೆ 25 ಕೋಟಿ ಬೈಟು.

2007ರಲ್ಲಿ ಆಸುಸ್ ಕಂಪನಿ ಎಕ್ಸ್.ಜಿ. ಸ್ಟೇಷನ್ ಎಂಬ ಹೊರಗಿನ ಗ್ರಾಫಿಕ್ಸ್ ಪೆಟ್ಟಿಗೆಯನ್ನು ಪ್ರದರ್ಶಿಸಿತು. ಅದು ಇದೇ ಎಕ್ಸ್‌ಪ್ರೆಸ್‌ಕಾರ್ಡಿನ ಬಾಗಿಲನ್ನು ಬಳಸಿತು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಇಂದಿನ ಸಾಮಾನ್ಯ ತೆರೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು; ಒಟ್ಟು 20,73,600. ಬಿಂದುವೊಂದರ ಬಣ್ಣಕ್ಕೆ 4 ಬೈಟಿನಂತೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟು. ಚಲನೆ ನಯವಾಗಿ ಕಾಣಲು ಸೆಕೆಂಡಿಗೆ 60 ಚಿತ್ರಗಳೆಂದರೆ ಸುಮಾರು 50 ಕೋಟಿ ಬೈಟು. ಪೆಟ್ಟಿಗೆಯಲ್ಲಿ ಸಿದ್ಧವಾದ ಚಿತ್ರವನ್ನು ಲ್ಯಾಪ್‌ಟಾಪಿನ ಸ್ವಂತ ತೆರೆಗೇ ಹಿಂದಕ್ಕೆ ತರಬೇಕಾದರೆ 25 ಕೋಟಿಯ ದಾರಿಯಲ್ಲಿ 50 ಕೋಟಿಯನ್ನು ತುರುಕಬೇಕು. ಅದು ಆಗದ ಮಾತು. ಆದರೆ ಪೆಟ್ಟಿಗೆಗೆ ನೇರವಾಗಿ ಬೇರೊಂದು ತೆರೆಯನ್ನು ಜೋಡಿಸಿದರೆ ಚಿತ್ರ ಹಿಂದಕ್ಕೆ ಬರುವ ಅಗತ್ಯವೇ ಇಲ್ಲ. ಆಜ್ಞೆಗಳು ಮತ್ತು ಸಾಮಗ್ರಿ ಮಾತ್ರ ಅತ್ತ ಹೋದರೆ ಸಾಕು. ಜಿಸ್ಟ್ ಟರ್ಮಿನಲ್ಲಿನ ಪಾಠ ಇಲ್ಲಿಯೂ ನಿಜವಾಗುತ್ತದೆ.

2008ರಲ್ಲಿ ಎ.ಎಂ.ಡಿ. ಕಂಪನಿ ಎಕ್ಸ್.ಜಿ.ಪಿ. ಎಂಬ ಬೇರೊಂದು ಮಾರ್ಗ ಹಿಡಿಯಿತು. ದಾರಿ ಅಗಲವಾಗಿತ್ತು, ಆದರೆ ಜೋಡಣೆಯ ಬಾಯಿ ತನ್ನದೇ ಆಕಾರದ್ದು. ಫುಜಿತ್ಸು ಸೀಮೆನ್ಸ್ ಕಂಪನಿಯ ಒಂದು ಲ್ಯಾಪ್‌ಟಾಪಿನೊಡನೆ ಅದು ಬಂದಿತಾದರೂ ಉಳಿದವರು ಹೆಚ್ಚಾಗಿ ಒಪ್ಪಿಕೊಳ್ಳಲಿಲ್ಲ. 2014ರಲ್ಲಿ ಏಲಿಯನ್‌ವೇರ್ ತಂದ ಪೆಟ್ಟಿಗೆಯೂ ಅದೇ ಕಂಪನಿಯ ಯಂತ್ರಗಳಿಗೆ ಮಾತ್ರ. ಸಾರ್ವಜನಿಕ ಬಾಗಿಲು ಇಕ್ಕಟ್ಟು, ಅಗಲವಾದ ಬಾಗಿಲು ಖಾಸಗಿ. ಹಲವು ವರ್ಷ ಕೊಳ್ಳುವವನ ಪಾಡು ಇದೇ ಆಗಿತ್ತು.

ಈ ಗಂಟನ್ನು ಸ್ವಲ್ಪಮಟ್ಟಿಗೆ ಬಿಡಿಸಿದ್ದು ಥಂಡರ್‌ಬೋಲ್ಟ್. 2011ರಲ್ಲಿ ಇಂಟೆಲ್ ಮತ್ತು ಆಪಲ್ ಕಂಪನಿಗಳು ಇದನ್ನು ಬಳಕೆಗೆ ತಂದಾಗ ವೇಗ ಸೆಕೆಂಡಿಗೆ 1000 ಕೋಟಿ ಬಿಟ್ಟು. 2015ರ ಮೂರನೆಯ ತಲೆಮಾರಿನಲ್ಲಿ ಅದು 4000 ಕೋಟಿ ಬಿಟ್ಟಿಗೆ ಏರಿತು. ಬಾಯಿಯೂ ಟೈಪ್-ಸಿ ಎಂಬ ಸರ್ವಸಾಮಾನ್ಯ ಆಕಾರದ್ದಾಯಿತು. ಇದರೊಳಗೆ ಗ್ರಾಫಿಕ್ಸ್ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ ಪಿ.ಸಿ.ಐ. ಎಕ್ಸ್‌ಪ್ರೆಸ್ಸಿನ ಮೂರನೆಯ ತಲೆಮಾರಿನ 4 ಓಣಿಗಳು, ಅಂದರೆ ಸೆಕೆಂಡಿಗೆ ಸುಮಾರು 394 ಕೋಟಿ ಬೈಟು. ಬಳಕೆಯಲ್ಲಿ ಇನ್ನೂ ಕಡಿಮೆ. ಅದೇ ತಲೆಮಾರಿನ ಮೇಜಿನ ಕಂಪ್ಯೂಟರಿನಲ್ಲಿ 16 ಓಣಿಗಳು, ಸುಮಾರು 1575 ಕೋಟಿ ಬೈಟು. ಕಾಲುಭಾಗವಾದರೂ ಇದು ಉಪಯೋಗಕ್ಕೆ ಬರುವ ಕಾಲುಭಾಗ.

2016ರಲ್ಲಿ ರೇಜರ್ ಕಂಪನಿಯ ಕೋರ್ ಎಂಬ ಪೆಟ್ಟಿಗೆ ಅಮೆರಿಕದಲ್ಲಿ 499 ಡಾಲರಿಗೆ ಬಂದಿತು. ಗಮನಿಸಬೇಕಾದ ಸಂಗತಿಯೆಂದರೆ ಅದು ಖಾಲಿ ಪೆಟ್ಟಿಗೆಯ ಬೆಲೆ. ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಹಣ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ನೆನಪಾಗದಿರದು. 2018ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್ ಯಂತ್ರಗಳಲ್ಲಿ ಇಂಥ ಪೆಟ್ಟಿಗೆಗಳಿಗೆ ಅಧಿಕೃತ ಬೆಂಬಲ ನೀಡಿತು. ಎರಡೇ ವರ್ಷಗಳ ತರುವಾಯ, 2020ರ ನವೆಂಬರಿನಲ್ಲಿ, ಅದೇ ಕಂಪನಿ ತನ್ನದೇ ಎಂ1 ಪ್ರೊಸೆಸರಿನ ಯಂತ್ರಗಳನ್ನು ತಂದಾಗ ಅವುಗಳಲ್ಲಿ ಆ ಬೆಂಬಲವಿರಲಿಲ್ಲ. ಗ್ರಾಫಿಕ್ಸ್ ಮತ್ತೆ ಒಳಗೆ ಸೇರಿತ್ತು. ಪೆಟ್ಟಿಗೆ ಕೊಂಡವರು ಹಳೆಯ ಯಂತ್ರ ಇರುವಷ್ಟು ದಿನ ಅದನ್ನು ಬಳಸಬೇಕಾಯಿತು. 2021ರಲ್ಲಿ ಆಸುಸ್ ಮತ್ತೆ ಒಂದು ಖಾಸಗಿ ಬಾಯಿಯ ಪೆಟ್ಟಿಗೆ ತಂದು, 2025ರ ಮಾದರಿಯಲ್ಲಿ ಅದನ್ನು ಬಿಟ್ಟು ಸಾರ್ವಜನಿಕ ಥಂಡರ್‌ಬೋಲ್ಟಿನ ಐದನೆಯ ತಲೆಮಾರಿಗೆ ಬಂದಿತು. 2023ರಲ್ಲಿ ಪ್ರಕಟವಾದ ಈ ತಲೆಮಾರಿನ ವೇಗ ಸೆಕೆಂಡಿಗೆ 8000 ಕೋಟಿ ಬಿಟ್ಟು. ಬಾಗಿಲು ಅಗಲವಾಗುತ್ತ ಬಂದಿದೆ, ನಿಜ. ಆದರೆ ಅದು ಹೊಸ ಮನೆಗಳ ಬಾಗಿಲು. ನಮ್ಮ ಹಳೆಯ ಮನೆಯ ಬಾಗಿಲು ಇದ್ದಷ್ಟೇ ಇರುತ್ತದೆ.

ನಮ್ಮ ಮನೆಗಳಿಗೆ ಇದರಿಂದ ಏನು?

ಇಷ್ಟು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಹೊರಗಿನ ಸಲಕರಣೆಯಿಂದ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಹೆಚ್ಚಿಸುವುದು ಖಂಡಿತ ಸಾಧ್ಯ. ಆದರೆ ಕುರ್ಲಾ, ದಾದರುಗಳಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಕಾಲಿಡುವ ಮುನ್ನ ಕೆಲವು ಸಂಗತಿಗಳನ್ನು ಮನೆಯಲ್ಲಿಯೇ ನೋಡಿಕೊಳ್ಳಬೇಕು.

ಮೊದಲನೆಯದು ಬಾಗಿಲು. ಟೈಪ್-ಸಿ ಆಕಾರವಿದ್ದ ಮಾತ್ರಕ್ಕೆ ಥಂಡರ್‌ಬೋಲ್ಟ್ ಇದೆಯೆಂದು ಭಾವಿಸಬಾರದು. ಮೊಬೈಲು ಚಾರ್ಜು ಮಾಡುವ ಬಾಯಿಯೂ ನೋಡಲು ಹಾಗೆಯೇ ಇರುತ್ತದೆ. ಥಂಡರ್‌ಬೋಲ್ಟಿದ್ದರೆ ಪಕ್ಕದಲ್ಲಿ ಸಾಮಾನ್ಯವಾಗಿ ಮಿಂಚಿನ ಬಾಣದ ಗುರುತಿರುತ್ತದೆ. 2019ರಲ್ಲಿ ರೂಪುಗೊಂಡ ಯು.ಎಸ್.ಬಿ.4 ಇದ್ದರೆ ಅದು ಗ್ರಾಫಿಕ್ಸ್ ಪೆಟ್ಟಿಗೆಗೆ ದಾರಿ ಕೊಡುತ್ತದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಎಲ್ಲ ಯಂತ್ರಗಳಲ್ಲಿ ಅದು ಕಡ್ಡಾಯವಲ್ಲ. ಲಾಕ್‌ಡೌನಿನಲ್ಲಿ ಕೊಂಡ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ ಇಂಥ ಬಾಗಿಲೇ ಇಲ್ಲ. ಒಳಗಿನ ಚಿಕ್ಕ ಸ್ಲಾಟಿನಿಂದ ತಂತಿ ಹೊರಗೆಳೆದು ಜೋಡಿಸುವ ಅಗ್ಗದ ಉಪಾಯಗಳೂ ಇವೆ. ತಿಳಿದವರ ಕೈಯಲ್ಲಿ ಅದು ಪ್ರಯೋಗ, ತಿಳಿಯದವರ ಕೈಯಲ್ಲಿ ಇದ್ದ ಯಂತ್ರವೂ ಹಾಳು.

ಎರಡನೆಯದು ಕೆಲಸದ ಸ್ವಭಾವ. ಸಾಮಗ್ರಿಯನ್ನು ಒಮ್ಮೆ ಕಾರ್ಡಿನ ಸ್ಮೃತಿಗೆ ತುಂಬಿ ಗಂಟೆಗಟ್ಟಲೆ ಲೆಕ್ಕ ಮಾಡಿಸುವಂಥದಾದರೆ, ಉದಾಹರಣೆಗೆ ಆನಿಮೇಶನ್ ಚಿತ್ರಗಳ ತಯಾರಿಕೆಯಾಗಲಿ ಕೃತಕ ಬುದ್ಧಿಮತ್ತೆಯ ಹಲವು ಪಾಠಗಳಾಗಲಿ, ಇಕ್ಕಟ್ಟು ದಾರಿಯಿಂದ ಅಷ್ಟಾಗಿ ನಷ್ಟವಿಲ್ಲ. ಕ್ಷಣಕ್ಷಣಕ್ಕೂ ಮಾತುಕತೆ ಬೇಡುವ ಆಟಗಳಲ್ಲಿ ನಷ್ಟ ಹೆಚ್ಚು. ಎರಡರಲ್ಲಿಯೂ ಪೆಟ್ಟಿಗೆಗೆ ನೇರವಾಗಿ ಪ್ರತ್ಯೇಕ ತೆರೆ ಜೋಡಿಸುವುದು ಮೇಲು.

ಮೂರನೆಯದು ವಿದ್ಯುತ್ತು ಮತ್ತು ಸ್ಥಳ. ಕಾರ್ಡು ಸಿಕ್ಕಿಸುವ ಸ್ಲಾಟಿನಿಂದ ದೊರೆಯುವುದು 75 ವಾಟು. ದೊಡ್ಡ ಕಾರ್ಡುಗಳಿಗೆ ಇದರ ಹಲವು ಪಟ್ಟು ಬೇಕು. ಆದುದರಿಂದ ಪೆಟ್ಟಿಗೆಯಲ್ಲಿ ಅದರದೇ ವಿದ್ಯುತ್ ಪೂರೈಕೆಯಿರಬೇಕು, ಬಿಸಿ ಹೊರಹೋಗಲು ಗಾಳಿಯಿರಬೇಕು. ಪೆಟ್ಟಿಗೆ ಮನೆಯಲ್ಲಿ ಕೂತ ಮೇಲೆ ಲ್ಯಾಪ್‌ಟಾಪು ಹಾರ್ಬರ್ ಲೈನಿನ ಗಾಡಿ ಹತ್ತಿದಾಗ ಆ ಶಕ್ತಿ ಅದರ ಸಂಗಡ ಬಾರದು.

ನಾಲ್ಕನೆಯದು ಹಣ. ಪೆಟ್ಟಿಗೆ, ಕಾರ್ಡು, ತೆರೆ ಮೂರರ ಬೆಲೆಯನ್ನು ಒಂದು ಕಾಗದದಲ್ಲಿ ಬರೆದು, ಅದೇ ಕಾರ್ಡು ಇರುವ ಸಾಧಾರಣ ಮೇಜಿನ ಕಂಪ್ಯೂಟರಿನ ಬೆಲೆಯೊಡನೆ ಹೋಲಿಸಬೇಕು. ಅಂತರ ಅಲ್ಪವಾದರೆ ಮೇಜಿನ ಕಂಪ್ಯೂಟರೇ ಲೇಸು. ಅಲ್ಲಿ 16 ಓಣಿಗಳೂ ಸಿಗುತ್ತವೆ. ಲ್ಯಾಪ್‌ಟಾಪಿಗೆ ಒಳ್ಳೆಯ ಬಾಗಿಲಿದ್ದು ಪ್ರೊಸೆಸರೂ ಸಮರ್ಥವಾಗಿದ್ದರೆ, ಮನೆಯಲ್ಲಿ ಎರಡು ಯಂತ್ರಗಳಿಗೆ ಸ್ಥಳವೂ ಇಲ್ಲದಿದ್ದರೆ ಪೆಟ್ಟಿಗೆ ಕೊಳ್ಳುವುದರಲ್ಲಿ ಅರ್ಥವಿದೆ. ಆಗಲೂ ಹೆಚ್ಚಿನ ಹಣವನ್ನು ಕಾರ್ಡಿನ ಮೇಲೆ ಹಾಕಬೇಕು, ಪೆಟ್ಟಿಗೆಯ ಮೇಲಲ್ಲ. ನಾಳೆ ಲ್ಯಾಪ್‌ಟಾಪು ಹೋದರೂ ಕಾರ್ಡು ಮೇಜಿನ ಕಂಪ್ಯೂಟರೊಂದರಲ್ಲಿ ಕೆಲಸಕ್ಕೆ ಬರುತ್ತದೆ.

ಈ ಯಾವುದೂ ಹೊಂದದವರು ನಿರಾಶರಾಗಬೇಕಿಲ್ಲ. ಅರವತ್ತರ ದಶಕದಲ್ಲಿ ವಿಜ್ಞಾನಿಗಳು ತಮ್ಮ ಲೆಕ್ಕವನ್ನು ಕೊಲಾಬಾಕ್ಕೆ ಕಳಿಸಿದಂತೆ, ಇಂದಿನ ವಿದ್ಯಾರ್ಥಿ ಇಂಟರ್ನೆಟ್ಟಿನ ಮೂಲಕ ದೂರದ ಯಂತ್ರವೊಂದಕ್ಕೆ ತನ್ನ ಲೆಕ್ಕ ಕಳಿಸಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಉತ್ತರ ತರಿಸಿಕೊಳ್ಳಬಹುದು. ಕಲಿಕೆಯ ಮೊದಲ ವರ್ಷಕ್ಕೆ ಇದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಕನ್ನಡ ಟೈಪು ಮಾಡುವುದು, ಪತ್ರಿಕೆಯ ಪುಟ ಜೋಡಿಸುವುದು, ಹಳೆಯ ಸಂಚಿಕೆಗಳ ಪುಟಗಳನ್ನು ಚಿತ್ರವಾಗಿ ಕಾಪಾಡುವುದು ಮೊದಲಾದ ಸಂಘದ ಕೆಲಸಗಳಿಗಂತೂ ದೊಡ್ಡ ಕಾರ್ಡು ಬೇಕೇ ಇಲ್ಲ. ಹಳೆಯ ಲ್ಯಾಪ್‌ಟಾಪಿಗೆ ಹೆಚ್ಚಿನ ಮೆಮೊರಿ ಮತ್ತು ಹೊಸ ಡಿಸ್ಕು ಹಾಕುವ ಅವಕಾಶವಿದ್ದರೆ ಅದು ಇನ್ನೂ ಕೆಲವು ವರ್ಷ ಸುಖವಾಗಿ ದುಡಿಯುತ್ತದೆ.

ದೇವನಾರದ ಕಸದ ಗುಡ್ಡವನ್ನು ನೆರೆಯಲ್ಲಿಯೇ ಕಂಡವರು ನಾವು. ಕೆಲಸಕ್ಕೆ ಬರುವ ಯಂತ್ರವನ್ನು ಕೇವಲ ಹಳೆಯದಾಯಿತೆಂದು ಭಂಗಾರಿಗೆ ಹಾಕುವುದು ಎಷ್ಟು ಅವಿವೇಕವೋ, ಬಾಗಿಲಿನ ಅಗಲ ನೋಡದೆ ಭಾರವಾದ ಪೆಟ್ಟಿಗೆ ತರುವುದೂ ಅಷ್ಟೇ ಅವಿವೇಕ. ಥಾಯ್ ಲಿಪಿಗಾಗಿ ಕಾರ್ಡು ಮಾಡಿದವರೂ ಭಾರತೀಯ ಲಿಪಿಗಳಿಗಾಗಿ ದುಡಿದವರೂ ಮೊದಲು ತಮಗೆ ಬೇಕಾದುದೇನೆಂದು ನಿಶ್ಚಯಿಸಿಕೊಂಡರು, ಇದ್ದ ದಾರಿಯ ಅಗಲವನ್ನು ಅರಿತುಕೊಂಡರು, ಆಮೇಲೆ ಸಲಕರಣೆಗೆ ಕೈಹಾಕಿದರು. ಕೊಳ್ಳಲು ಹೊರಟಿರುವ ನಮ್ಮ ತರುಣರೂ ಅವರ ತಂದೆತಾಯಿಗಳೂ ಅದೇ ಕ್ರಮವನ್ನು ಅನುಸರಿಸಿದರೆ ಕಷ್ಟಪಟ್ಟು ಗಳಿಸಿದ ಹಣ ಪೋಲಾಗದು, ಮಕ್ಕಳ ಕಲಿಕೆಯೂ ನಿಲ್ಲದು ಎಂಬುದು ನಮ್ಮ ದೃಢವಾದ ನಂಬಿಕೆ.